ಚಳಿಯಲ್ಲಿ ಅಳಿಲು ಬಿಡು ಎಂದವರು

ನಂದಿದುರ್ಗ ಗಣಿ ಲೈನುಮನೆ, ಜನವರಿ ೧೯೫೮

ಅಕ್ಕಾ, ನಾನು ಹತ್ತಿಬತ್ತಿಯಲ್ಲಿ ಹಾಲು ಕುಡಿಸಿ ಸಾಕಿದ ಅಳಿಲುಮರಿಯನ್ನು ಈ ಧನುರ್ಮಾಸದ ಚಳಿಯಲ್ಲೇ ಮರಕ್ಕೆ ಬಿಡಬೇಕಂತೆ! ಇದು ನಮ್ಮನೆಯವರ ಅಪ್ಪಣೆ. ಅವರದು ರಾತ್ರಿ ಪಾಳಿ. ಊರೆಲ್ಲ ನಡುಗುವಾಗ ಇವರು ಗಣಿಯ ತಳದಲ್ಲಿ, ಒಲೆಯಂಥ ಸೆಕೆಯಲ್ಲಿ ಬೆವರುತ್ತಿರುತ್ತಾರೆ. ಬಿಸಿಲೇರಿದ ಮೇಲೆ ಮನೆಗೆ ಬಂದು, "ಎಲ್ಲೈತೆ ಚಳಿ? ಬಿಟ್ಬಿಡು, ಓಗ್ಲಿ" ಅನ್ನುತ್ತಾರೆ. ನನಗೆ ಮೈ ಉರಿಯಿತು. "ಒಂದು ರಾತ್ರಿ ಮನೇಲಿ ಮಲ್ಗಿ ನೋಡಿ" ಅಂದೆ. ನಿನ್ನೆ ರಜೆ ಸಿಕ್ಕಿತು, ಮಲಗಿದರು. ಬೆಳಿಗ್ಗೆ ನೋಡಿದರೆ ಅಳಿಲು ಅವರ ಬನಿಯನ್ನಿನೊಳಗಿದೆ! "ಶಿವರಾತ್ರಿ ಕಳೀಲಿ, ಆಮೇಲೆ ಬಿಡಾನ. ನಿಂಗೆ ಕನಿಕರ ಬ್ಯಾಡ್ವಾ?" ಎಂದು ನನಗೇ ಗದರಿದರು! ನನ್ನ ಕೆಮ್ಮು ಹಾಗೇ ಇದೆ. ಬೇತಮಂಗಲದಿಂದ ಯಾರಾದರೂ ಈ ಕಡೆ ಬಂದರೆ ಕಂಬಳಿ ಕೊಟ್ಟು ಕಳಿಸು. ಇದ್ದ ಒಂದನ್ನೂ ಅವರಿಬ್ಬರೇ ಹೊದ್ದಿದ್ದಾರೆ.

ನಿನ್ನ ತಂಗಿ ಅಮ್ಮಾಜಿ