ಲೆಕ್ಕದಿಂದ ತೆಗೆದ ಹಕ್ಕಿ

ಅಕ್ಟೋಬರ್ 9, ಸಂಜೆ

ಇವತ್ತೂ ಸತ್ತ ಹಕ್ಕಿಗಳೇ ಸಿಕ್ಕವು. ಕಳ್ಳಿಯ ಬುಡದಲ್ಲಿ ಎರಡು, ಬಂಡೆಸಂದಿಯಲ್ಲಿ ಒಂದು. ಕಾಲಿನ ಗುರುತಿನ ಬಳೆ ಬಿಚ್ಚಿದೆ, ಕೊಕ್ಕು ಅಳೆದೆ, ಬರೆದೆ. ಮೂರೂ ಸಣ್ಣ ಕೊಕ್ಕಿನವು. ಈಗೀಗ ಅಳೆಯುವ ಮೊದಲೇ ಗೊತ್ತಾಗಿಬಿಡುತ್ತದೆ.

ಮಳೆಗಾಲ ಕೈಕೊಟ್ಟ ಮೇಲೆ ಈ ದ್ವೀಪದಲ್ಲಿ ಮೆತ್ತನೆಯ ಬೀಜವೆಲ್ಲ ಖಾಲಿ. ಉಳಿದದ್ದು ನೆಗ್ಗಿಲು. ಕಲ್ಲಿನಂಥದ್ದು, ಮೈತುಂಬ ಮುಳ್ಳು. ದಪ್ಪ ಕೊಕ್ಕಿನ ಫಿಂಚ್ ಹಕ್ಕಿ ಒಡೆದು ತಿನ್ನುತ್ತದೆ. ಸಣ್ಣ ಕೊಕ್ಕಿನದು ಹೊರಳಿಸಿ ನೋಡಿ ಬಿಟ್ಟುಹೋಗುತ್ತದೆ.

ರೇಡಿಯೋದಲ್ಲಿ ಪ್ರೊಫೆಸರ್ ಸಾಲ್ಗಾಡೋ. ಖುಷಿಯಲ್ಲಿದ್ದಾರೆ. “ನಾರ್ಸಿಸಾ, ಜನ ಪುಸ್ತಕದಲ್ಲಿ ಓದೋದನ್ನ ನಾವು ಕಣ್ಣಾರೆ ನೋಡ್ತಿದ್ದೀವಿ! ಒಂದೇ ಬರಕ್ಕೆ ಒಂದು ಕುಲಾನೇ ಬದಲಾಗ್ತಿದೆ!”

ಹೌದು ಮೇಡಂ ಅಂದೆ. ಕೈಯಿಂದ ವಾಸನೆ ಹೋಗುತ್ತಿಲ್ಲ. ತೊಳೆಯಲು ನೀರಿಲ್ಲ.

ಒಣಮೀನು, ಅನ್ನ. ದೋನ್ ಎಲಿಸಿಯೋ ಮಾಡಿದ್ದು, ನನಗೆ ಈ ಕೆಲಸ ಕಲಿಸಿದ ಹಿರಿಯರು. ಹೆಂಡತಿ ತೀರಿಕೊಂಡ ಮೇಲೆ ಅವರು ಮೊದಲ ಸಲ ಕ್ಯಾಂಪಿಗೆ ಬಂದಿದ್ದಾರೆ. ಬೇಡವೆಂದರೂ ಕೇಳಲಿಲ್ಲ.

ಅಕ್ಟೋಬರ್ 12

ಬಲೆಗೆ ಪುಲ್ಗಾ ಬಿತ್ತು. ಕಿತ್ತಳೆ ಬಳೆಯ ಮುದಿ ಗಂಡು. ಪುಲ್ಗಾ ಅಂದರೆ ಚಿಗಟ — ದೋನ್ ಎಲಿಸಿಯೋ ಇಟ್ಟ ಹೆಸರು. ಈ ಇಳಿಜಾರಿನಲ್ಲಿ ಇದರಷ್ಟು ಸಣ್ಣ ಕೊಕ್ಕು ಇನ್ನೊಂದಿಲ್ಲ. ಸತ್ತೇಹೋಗಿದೆ ಅಂದುಕೊಂಡಿದ್ದೆ.

ತೂಗಿದೆ. ಮತ್ತೆ ತೂಗಿದೆ. ತೂಕ ಏರಿದೆ.

ಹೇಗೆ...

ಅಕ್ಟೋಬರ್ 15, ಬೆಳಿಗ್ಗೆ

ಕ್ಯಾಂಪಿನ ಹಿಂದಿನ ಚಪ್ಪಟೆ ಬಂಡೆ. ದೋನ್ ಎಲಿಸಿಯೋ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಇಕ್ಕಳ. ನೆಗ್ಗಿಲನ್ನು ಒಂದೊಂದೇ ಒಡೆದು ಹರಡುತ್ತಿದ್ದರು. ಪುಲ್ಗಾ ಅವರ ಚಪ್ಪಲಿ ಪಕ್ಕದಲ್ಲೇ ಹೆಕ್ಕುತ್ತಿತ್ತು.

“ಏನ್ ಮಾಡ್ತಿದ್ದೀರ ದೋನ್ ಎಲಿಸಿಯೋ!”

“ಕಾಣಿಸ್ತಿಲ್ವಾ? ತಿಂಡಿ ಕೊಡ್ತಿದ್ದೀನಿ.”

“ಹಕ್ಕಿಗಳಿಗೆ ಊಟ ನೀರು ಕೊಡಬಾರದು ಅಂತ ನನಗೆ ಕಲಿಸಿದ್ದೇ ನೀವು.”

“ಕಲಿಸಿದ್ದೆ. ಸಾಕಾಯ್ತು.” ತಲೆ ಎತ್ತಲಿಲ್ಲ. “ಮನೇಲಿ ಮಾರ್ಗೋತ್‌ನ ನೋಡ್ತಾ ಕೂತಿದ್ದೆ. ಡಾಕ್ಟ್ರು ಮಾಡೋಕೇನೂ ಇಲ್ಲ ಅಂದ್ರು. ನಿಜವಾಗ್ಲೂ ಏನೂ ಇರ್ಲಿಲ್ಲ. ಇದಕ್ಕಾದ್ರೆ ಇದೆಯಲ್ಲ ಮಗಳೇ. ಒಂದು ಇಕ್ಕಳ ಸಾಕು.”

“ನಾನು ಮೇಡಂಗೆ ಹೇಳ್ಬೇಕಾಗತ್ತೆ.”

“ಹೇಳು. ನಿನ್ನ ಕೆಲಸ ನೀನು ಮಾಡು. ಇನ್ನೊಂದು ನಾಲ್ಕು ಒಡೆದು ಬರ್ತೀನಿ.”

ಅಕ್ಟೋಬರ್ 16

ರಾತ್ರಿಯೆಲ್ಲ ಹೊರಳಾಡಿದೆ. ಬೆಳಿಗ್ಗೆ ರೇಡಿಯೋದಲ್ಲಿ ಹೇಳಿಬಿಟ್ಟೆ. ದೋನ್ ಎಲಿಸಿಯೋ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ: “ಮುಂದಿನ ದೋಣಿಗೆ ಅವರನ್ನ ಕಳಿಸು. ಆ ಹಕ್ಕೀನ ಲೆಕ್ಕದಿಂದ ತೆಗೆ.”

“ಆಮೇಲೆ ಅದು, ಮೇಡಂ?”

“ಯಾವುದು?”

“ಹಕ್ಕಿ.”

“ಅದು ಇನ್ನು ನಮ್ಮದಲ್ಲ ನಾರ್ಸಿಸಾ.”

ನವೆಂಬರ್ 2

ಸತ್ತವರ ಹಬ್ಬ. ನೀರಿನ ದೋಣಿ ಬಂತು. ದೋಣಿಯವನು ಮನೆಯಿಂದ ನೇರಳೆ ಬಣ್ಣದ ಹಣ್ಣಿನ ಗಂಜಿ, ಗೊಂಬೆ ಬ್ರೆಡ್ಡು ತಂದಿದ್ದ. ಬಂಡೆ ಮೇಲೆ ಕೂತು ತಿಂದೆವು. ದೋನ್ ಎಲಿಸಿಯೋ ತಮ್ಮ ಗೊಂಬೆಯ ತಲೆ ಮುರಿದು ನನಗೆ ಕೊಟ್ಟರು. “ಮಾರ್ಗೋತ್ ಯಾವಾಗ್ಲೂ ತಲೆ ತನಗೇ ಬೇಕು ಅಂತಿದ್ಲು.”

ಕ್ಷಮಿಸಿ ಎನ್ನಬೇಕಿತ್ತು. ಬ್ರೆಡ್ಡು ತಿಂದು ಮುಗಿಸಿದೆ.

ದೋಣಿಗೆ ಇಳಿಯುವಾಗ ಇಕ್ಕಳ ಕೈಗಿಟ್ಟರು. “ಲೆಕ್ಕದಿಂದ ತೆಗೆದಾಯ್ತಲ್ಲ. ಇನ್ನು ಅದಕ್ಕೆ ಯಾರ ಅಪ್ಪಣೆ ಬೇಕು?”

ನವೆಂಬರ್ 6

ಪುಲ್ಗಾ ಬೆಳಿಗ್ಗೆ ಬಂಡೆಗೆ ಬರುತ್ತದೆ. ಕಾಯುತ್ತದೆ. ಹೋಗುತ್ತದೆ. ಮತ್ತೆ ಬರುತ್ತದೆ. ನಾನು ಆ ಕಡೆ ನೋಡುವುದಿಲ್ಲ.

ನವೆಂಬರ್ 9

ನೆಗ್ಗಿಲು ಒಡೆದು ಹಾಕಿದೆ.

ಇದು ಬದುಕಿ ಮರಿ ಮಾಡಿದರೆ ಸಣ್ಣ ಕೊಕ್ಕೇ ಮುಂದುವರಿಯುತ್ತದೆ. ಬರ ಅಳಿಸಿದ್ದನ್ನು ನಾನು ಮತ್ತೆ ಬರೆದ ಹಾಗೆ. ಗೊತ್ತು. ಸುಸ್ತಾಗಿದೆ. ಒಂದಾದರೂ ಸಾಯದೆ ಇರಲಿ.

ಜನವರಿ 18

ಮಳೆ! ಟೆಂಟು ಸೋರಿತು, ಅಕ್ಕಿ ನೆನೆಯಿತು. ಹೊರಗೆ ನಿಂತು ತೋಯಿಸಿಕೊಂಡೆ. ಯಾಕೋ ಅಳು ಬಂತು.

ಫೆಬ್ರವರಿ 21

ಎಲ್ಲೆಲ್ಲೂ ಹಸಿರು, ಹುಳು, ಗೂಡು. ಉಳಿದ ಹಕ್ಕಿಗಳಲ್ಲಿ ಗಂಡೇ ಹೆಚ್ಚು. ಹೆಣ್ಣು ತೀರ ಕಡಿಮೆ. ಗಾತ್ರದಲ್ಲಿ ಚಿಕ್ಕವಾದ್ದರಿಂದ ಅವೇ ಹೆಚ್ಚು ಸತ್ತವು. ಇರುವವು ದಪ್ಪ ಕೊಕ್ಕಿನ ಗಂಡುಗಳನ್ನೇ ಆರಿಸಿಕೊಂಡಿವೆ. ಮರಿಗಳ ಕೊಕ್ಕೂ ಅಪ್ಪ ಅಮ್ಮನ ಹಾಗೇ ದಪ್ಪ ಬರುತ್ತಿದೆ. ಒಂದು ಮರಿ ಕಚ್ಚಿ ಬೆರಳಲ್ಲಿ ರಕ್ತ ಬಂತು. ಮೇಡಂಗೆ ಹೇಳಿದರೆ ಚಪ್ಪಾಳೆ ತಟ್ಟಿದರು, ರೇಡಿಯೋದಲ್ಲೇ.

ಪುಲ್ಗಾ ಕಳ್ಳಿಯಲ್ಲಿ ಗೂಡು ಕಟ್ಟಿದೆ. ಗೂಡಿನ ಮೇಲೆ ಕೂತು ಹಾಡುತ್ತದೆ. ಹೆಣ್ಣೊಂದು ಬಂತು, ಇಣುಕಿತು, ಹಾರಿಹೋಯಿತು.

ಮಾರ್ಚ್ 14

ಇನ್ನೊಂದು ಗೂಡು. ಮೊದಲಿನದಕ್ಕಿಂತ ದೊಡ್ಡದು. ಯಾರೂ ಬರಲಿಲ್ಲ. ಪಕ್ಕದ ಕಳ್ಳಿಗಳಲ್ಲೆಲ್ಲ ಮರಿಗಳ ಗದ್ದಲ. ನಡುವೆ ಇದೊಂದೇ — ಬೆಳಗಿನಿಂದ ಸಂಜೆಯವರೆಗೆ ಗಂಟಲು ಹರಿಯುವ ಹಾಗೆ.

ಇದನ್ನು ಉಳಿಸಿದೆವು. ಇದನ್ನು ಆರಿಸುವ ಹೆಣ್ಣುಗಳನ್ನು ಉಳಿಸಲು ಆಗಲಿಲ್ಲ.

ಏಪ್ರಿಲ್ 3, ಸಂಜೆ

ರೇಡಿಯೋದಲ್ಲಿ ದೋನ್ ಎಲಿಸಿಯೋ! ಬಂದರಿನಿಂದ. ಯಾರನ್ನೋ ಕಾಡಿ ಮೈಕು ಇಸಿದುಕೊಂಡಿದ್ದಾರೆ. ದನಿ ತೀರ ಸೋತಿದೆ.

“ನಮ್ಮ ಚಿಗಟ ಇದೆಯೇನೇ ಮಗಳೇ?”

“ಇದೆ.”

“ಸುಳ್ಳು ಹೇಳ್ಬೇಡ.”

“ಇದೆ ದೋನ್ ಎಲಿಸಿಯೋ. ಇಲ್ಲೇ ಹಾಡ್ತಿದೆ, ಕೇಳಿ.” ಮೈಕನ್ನು ಹೊರಕ್ಕೆ ಹಿಡಿದೆ. ಅವರಿಗೆ ಕೇಳಿಸಿತು. ನಕ್ಕರು. ಅವರು ನಕ್ಕಿದ್ದು ಕೇಳಿ ವರ್ಷದ ಮೇಲಾಗಿತ್ತು.

“ಗೂಡು ಕಟ್ಟಿದೆಯಾ?”

“ಕಟ್ಟಿದೆ. ದೊಡ್ಡ ಗೂಡು.”

“ಮತ್ತೆ? ಮರಿಗಳು?”

ನಾನು ಮೈಕಿನ ಗುಂಡಿ ಒತ್ತಿದೆ. ಹೊರಗೆ ಅದು ಇನ್ನೂ ಹಾಡುತ್ತಲೇ ಇತ್ತು, ನಾನು ಹೇಳಿದೆ: “ಮರಿ ಇನ್ನೂ ಇಲ್ಲ ದೋನ್ ಎಲಿಸಿಯೋ. ಕರೆಯೋದು ಮಾತ್ರ ಬಿಟ್ಟಿಲ್ಲ.”