ನಾಲಿಗೆಯ ಬುಡ

ಮನೆಯಿಂದ, ಕೆಲಸದ ಮೇಜು
ಮಾರ್ಚ್ ನಾಲ್ಕು, ಸೋಮವಾರ

ಪ್ರೀತಿಯ ತಂಗಿ ಬಟಾಣಿಗೆ ಅಣ್ಣನ ನೆನಪುಗಳು.

ಹೇಗಿದ್ದೀಯ? ಮಂಡಿನೋವೆಂದು ನಿನ್ನ ಮಗ ಹೇಳಿದ್ದ, ಇಳಿಯಿತೇ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ, ನಿನಗೆ ಚಿಕ್ಕಂದಿನಿಂದಲೂ ಎರಡೆರಡು ಮೆಟ್ಟಿಲು ಹಾರುವ ಚಟ. ನಾನಾಡಿದ ಒಂದು ಮಾತಿಗೆ ನೀನು ನನ್ನೊಡನೆ ಮಾತು ಬಿಟ್ಟು ಏಳು ವರ್ಷವಾಯಿತು. ಆದರೂ ಕ್ಷೇಮ ಕೇಳದೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ.

ಮೂರು ತಿಂಗಳಿಂದ ನುಂಗುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿತ್ತು. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆಯಂತೆ. ನಲವತ್ತು ವರ್ಷ ಊರಿನವರ ಬಾಯಿಯ ಅಚ್ಚು ತೆಗೆದು ಹಲ್ಲಿನ ಸೆಟ್ಟು ಮಾಡಿಕೊಟ್ಟವನು, ನನ್ನ ಬಾಯೊಳಗೆ ಇಣುಕಲಿಲ್ಲ ನೋಡು. ಹದಿನಾಲ್ಕನೇ ತಾರೀಕು ಗುರುವಾರ ಆಪರೇಷನ್ನು, ರೋಬೋಟಿನಿಂದ. ಹಿಂದೆ ಎಷ್ಟೋ ಜನರಿಗೆ ಇದಕ್ಕಾಗಿ ದವಡೆಯನ್ನೇ ಸೀಳುತ್ತಿದ್ದರಂತೆ. ಈಗ ಪೆನ್ಸಿಲಿನಂಥ ಸಣ್ಣ ಕೈಗಳು ಬಾಯಿಂದಲೇ ಒಳಗಿಳಿಯುತ್ತವೆ, ಡಾಕ್ಟರಮ್ಮ ಅದೇ ಕೋಣೆಯ ಮೂಲೆಯಲ್ಲಿ ಕೂತು ಅವನ್ನು ಆಡಿಸುತ್ತಾರೆ. "ನಿಮ್ಮ ಕೈ ನಡುಗಿದ್ರೆ?" ಅಂದೆ. "ನಡುಕ ಅಲ್ಲಿಗೆ ಮುಟ್ಟಲ್ಲ ಅಜ್ಜ, ಯಂತ್ರ ಸೋಸಿಬಿಡುತ್ತೆ" ಅಂದರು. "ಹಾಗಾದ್ರೆ ನಂಗೂ ಒಂದು ಕೊಡಿಸಿ, ಹಲ್ಲು ಜೋಡಿಸೋಕೆ ಆಗ್ತಿಲ್ಲ" ಅಂದೆ. ನಕ್ಕರು. ಆಮೇಲೆ ನಗದೆ ಹೇಳಿದರು: ಕೆಲವು ವಾರ ಮೂಗಿನ ನಳಿಕೆಯಲ್ಲೇ ಊಟ, ಮಾತು ಮೊದಲಿನ ಹಾಗೆ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು.

ಮನೆಗೆ ಬಂದು ಇದೇ ಮೇಜಿನ ಮುಂದೆ ಕೂತೆ. ಕಪಾಟಿನಲ್ಲಿ ಗಿರಾಕಿಗಳ ಪ್ಲಾಸ್ಟರ್ ಬಾಯಿಗಳು ಸಾಲಾಗಿವೆ. ವಾರಗಟ್ಟಲೆ ನನ್ನ ದನಿ ಕೇಳುವವರು ಅವರೇ. ನಿನ್ನೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿದೆ, ನನ್ನ ದನಿ ಹೇಗಿದೆಯೆಂದು ನನಗೇ ನೆನಪಿರಲಿ ಅಂತ. ಎರಡು ಪುಟ ಆಗುವಷ್ಟರಲ್ಲಿ ನಾಚಿಕೆಯಾಗಿ ನಿಲ್ಲಿಸಿದೆ.

ನೀನು ಬರಬೇಕೆಂದು ಬರೆಯುತ್ತಿಲ್ಲ. ಪಕ್ಕದ ಮನೆ ಮೇಷ್ಟ್ರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಯಜಮಾನರಿಗೆ ನಮಸ್ಕಾರ ಹೇಳು, ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ಇಂತು ನಿನ್ನ
ಅಣ್ಣ

ತಾ.ಕ.: ಅಂಚೆ ಹೊರಡುವ ಹೊತ್ತು, ಅವಸರದಲ್ಲಿದ್ದೇನೆ. ಅಮ್ಮ ತೀರಿಕೊಂಡ ದಿನ ಎಲ್ಲರೆದುರು "ನಿನ್ನ ಕೈಗೆ ಸಿಕ್ಕಿದ್ದಕ್ಕೇ ಅಮ್ಮ ಹೋದ್ಲು" ಅಂದೆನಲ್ಲ, ಅದು ಸುಳ್ಳು. ಹತ್ತು ತಿಂಗಳು ಅವಳ ಮೈ ಒರೆಸಿದವಳು ನೀನು, ನಾನು ಭಾನುವಾರ ಮುಖ ತೋರಿಸಿ ಹೋಗುತ್ತಿದ್ದವನು. ಇದನ್ನು ಕಾಗದದಲ್ಲೇ ಮುಗಿಸಲು ಮನಸ್ಸಿಲ್ಲ. ಅಂದದ್ದು ಈ ನಾಲಿಗೆ, ತಪ್ಪಾಯ್ತು ಅನ್ನಬೇಕಾದದ್ದೂ ಇದೇ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಹದಿಮೂರರ ಒಳಗೆ ನೀನೇ ಮಾಡು. ಏನೂ ಮಾತಾಡಬೇಡ, ಕಿವಿಗೆ ಹಿಡಿದುಕೊಂಡಿರು ಸಾಕು.