ಎಂಜಿನ್ನಿಗೆ ಹಾಕಿದ ಹಾರ

ಓಲ್ಡ್ ಟೌನ್, ಭದ್ರಾವತಿ
೧೧-೮-೨೦೨೫, ಶ್ರಾವಣ ಸೋಮವಾರ

ಪ್ರೀತಿಯ ಅತ್ತೆಮ್ಮನವರಿಗೆ ಶರಣು.

ಇವತ್ತು ಉಪವಾಸ. ಅಂಗಳ ಗುಡಿಸಿ, ಪೂಜೆ ಮುಗಿಸಿ, ಒಂದು ಲೋಟ ಹಾಲು ಕುಡಿದು ಕೂತಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಆಯನೂರಿನಲ್ಲಿ ಮಗಳ ಮನೆಯೆಂದು ಸಂಕೋಚ ಮಾಡದೆ ಎಣ್ಣೆ ಹಚ್ಚಿಸಿಕೊಳ್ಳಿ. ಫೋನಿನಲ್ಲಿ ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ, ನಿಮಗೊಬ್ಬರಿಗೆ ಕೇಳಿಸುವುದಿಲ್ಲ. ಅದಕ್ಕೇ ಈ ಪತ್ರ.

ನೀವು ಬರುವ ತನಕ ಎಂದು ಮೊಮ್ಮಗಳಿಗೆ ನಿಮ್ಮ ಕೋಣೆ ಬಿಟ್ಟುಕೊಟ್ಟಿದ್ದಿರಲ್ಲ, ಅಲ್ಲಿ ನಮ್ಮ ಅಮೂಲ್ಯ ಕಟ್ಟಿದ ಯಂತ್ರ ನೋಡಲು ಶಿವಮೊಗ್ಗದ ಅವಳ ಕಾಲೇಜಿನಿಂದ ಹೇಮಶ್ರೀ ಮೇಡಂ ನಿನ್ನೆ ಬಂದಿದ್ದರು. ಅವರು ಒಪ್ಪಿದರೆ ಮಾತ್ರ ಅದು ಮೈಸೂರಿನ ದೊಡ್ಡ ವಿಜ್ಞಾನ ಸಭೆಗೆ ಹೋಗುವುದು. ಹುಡುಗಿಗೆ ಊಟ ಸೇರಿರಲಿಲ್ಲ. “ನಾಳೆ ಉಪವಾಸ ನಿಂದೋ ಅವಳದೋ?” ಎಂದು ನಿಮ್ಮ ಮಗ ರೇಗಿಸಿದರು. ಯಂತ್ರವೆಂದರೆ ಒಂದು ತುದಿ ಕೀಲಿಗೆ ಸಿಕ್ಕಿಸಿದ ಕೋಲು, ಇನ್ನೊಂದು ತುದಿಯಲ್ಲಿ ಫ್ಯಾನಿನ ಎಂಜಿನ್. ಅದು ತಳ್ಳುವ ಗಾಳಿಗೇ ಕೋಲು ಮೇಲೆದ್ದು ಗೋಡೆಯ ಗುರುತಿನಲ್ಲಿ ನಿಲ್ಲಬೇಕು. ಏರಿದಂತೆಲ್ಲ ಅದರ ಭಾರದ ಜಗ್ಗಾಟ ಬದಲಾಗುವುದರಿಂದ ಸೀದಾ ಲೆಕ್ಕ ನಡೆಯುವುದಿಲ್ಲವಂತೆ. ಅದಕ್ಕೆ ಎರಡು ದಾರಿ. ಒಂದು, ಭಾರವನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಅಷ್ಟೇ ಗಾಳಿ ಕೊಟ್ಟು ಸರಿದೂಗಿಸಿಬಿಡುವುದು. ಇನ್ನೊಂದು, ಗುರುತು ತಪ್ಪಿದ ಕ್ಷಣವೇ ಬಲವಾಗಿ ಗುರುತಿನತ್ತ ಎಳೆಯುವುದು. ಅಮೂಲ್ಯಳಿಗೆ ಮೊದಲನೆಯದೇ ಮುದ್ದು, ನಯವಾಗಿ ಏರುತ್ತದೆ ಅಂತ.

ಹೊಸ ಯಂತ್ರ ದೊಡ್ಡವರ ಮುಂದೆ ಬರಿಮೈಯಲ್ಲಿ ತಿರುಗುವುದು ಬೇಡವೆಂದು ನಾನು ವಿಭೂತಿ ಹಚ್ಚಿ, ಕೋಲಿನ ತುದಿಗೆ ಸೇವಂತಿಗೆ ಹಾರ ಸುತ್ತಿದ್ದೆ. ಗಡಿಬಿಡಿಯಲ್ಲಿ ಅವಳೂ ನೋಡಲಿಲ್ಲ. ಅವಳ ಮುದ್ದಿನ ದಾರಿಯಲ್ಲಿ ಕೋಲು ನಯವಾಗಿ ಎದ್ದು, ಗುರುತಿಗಿಂತ ನಾಲ್ಕು ಬೆರಳು ಕೆಳಗೇ ನಿಂತಿತು! ಎರಡನೆಯದರಲ್ಲಿ ಗುರುತು ಮುಟ್ಟಿತು, ಆದರೆ ಎಂಥ ನಡುಕ! ಎಸಳುಗಳೆಲ್ಲ ಹಾರಿ ಮೇಡಂ ತಲೆಯ ಮೇಲೆ. “ಹಾರ ಹಾಕಿದ್ದು ಯಾರಮ್ಮ!” ಎಂದು ಅಮೂಲ್ಯ ಅಳುವ ಹಾಗಾದಳು. ಮೇಡಂ ಮಾತ್ರ ಎಸಳು ಕೊಡವಿಕೊಂಡು ನಕ್ಕರು: “ತೆಗೀಬೇಡ ಕಣೇ. ಗೊತ್ತಿಲ್ದೇ ಇರೋ ಭಾರ ಬಂದ್ರೆ ಏನಾಗುತ್ತೆ ಅಂತ ನಿಮ್ಮಮ್ಮನೇ ತೋರಿಸಿದಾರೆ.” ಆಮೇಲೆ ಅಮೂಲ್ಯ ಎರಡನೆಯ ದಾರಿಯನ್ನೇ ಹಿಡಿದು, ಗುರುತಿನ ಹತ್ತಿರ ಎಳೆತ ಮೆತ್ತಗಾಗುವಂತೆ ತಿದ್ದಿದಳು. ಅತ್ತೆಮ್ಮ, ಹಾರ ಹೊತ್ತುಕೊಂಡೇ ಕೋಲು ಅಲುಗದೆ ನಿಂತಿತು! ಮೈಸೂರಿಗೆ ಒಪ್ಪಿಗೆ ಸಿಕ್ಕಿತು. ಹುಡುಗಿ ಮೂರು ಹೋಳಿಗೆ ತಿಂದಳು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಸೊಸೆ,
ಕರಿಬಸಮ್ಮ

ಮರೆತಿದ್ದೆ: ಮೈಸೂರಿಗೆ ಮೊದಲು ಬೇರೆ ಬೇರೆ ಭಾರ ಕಟ್ಟಿ ಎರಡೂ ದಾರಿಯನ್ನು ಇನ್ನೊಂದು ತಿಂಗಳು ಹೋಲಿಸಿ ನೋಡಬೇಕಂತೆ. ಯಂತ್ರ ಬಿಚ್ಚಿದರೆ ಅಳತೆಯೆಲ್ಲ ಹಾಳು. ನೀವೋ ಭಾನುವಾರ ಬರುವವರು. ಅಲ್ಲಿಯವರೆಗೆ ನಿಮ್ಮ ಮಂಚ ದೇವರಕೋಣೆಯ ಪಕ್ಕಕ್ಕೆ ಹಾಕಿಸಲೇ? ಕೇಳಲು ಅಮೂಲ್ಯಳಿಗೆ ಹೆದರಿಕೆ. ಪಕ್ಕದ ಮನೆ ಮುರುಗೇಶಪ್ಪ ಗುರುವಾರ ಆಯನೂರಿಗೆ ಬರುತ್ತಾನೆ; ಹೂಂ ಅಥವಾ ಉಹೂಂ, ಒಂದು ಚೀಟಿ ಬರೆದು ಅವನ ಕೈಗೆ ಕೊಟ್ಟು ಕಳಿಸಿ.